ನೆಲನೆಲ್ಲಿಯೂ ಕಾಮಣಿಯೂ

ನೆಲನೆಲ್ಲಿ ಅಥವಾ ಕಿರುನೆಲ್ಲಿ ಧಾರವಾಡ ಜಿಲ್ಲೆಯಲ್ಲಿ ಯಾರೂ ಬಿತ್ತದೆ ಬೆಳೆಯುವ ಗಿಡ. ಮುಂಗಾರಿನ ಮೊದಲ ಮಳೆಗಳು ಬಿದ್ದ ಕೆಲವೇ ವಾರಗಳಲ್ಲಿ ಮಸಾರಿ ಹೊಲಗಳ ಬದುವಿನ ಮೇಲೆ, ಹಿತ್ತಲಿನ ನೆರಳಿನಲ್ಲಿ, ಹುಬ್ಬಳ್ಳಿ-ಧಾರವಾಡದ ಹಳೆಯ ಓಣಿಗಳ ಗೋಡೆಯ ಬುಡದಲ್ಲಿ ಅದು ಕಾಣಿಸಿಕೊಳ್ಳುತ್ತದೆ. ರೈತರ ಲೆಕ್ಕದಲ್ಲಿ ಅದು ಕಸ, ಗಾವಠಿ ಔಷಧ ಕೊಡುವವರ ಲೆಕ್ಕದಲ್ಲಿ ಕಾಮಣಿಯ ಮದ್ದು. ಉತ್ತರ ಕರ್ನಾಟಕದಲ್ಲಿ ಕಾಮಣಿ ಎಂದೂ ಉಳಿದೆಡೆ ಕಾಮಾಲೆ ಎಂದೂ ಕರೆಯುವ, ಕಣ್ಣು, ಚರ್ಮ ಮತ್ತು ಮೂತ್ರಕ್ಕೆ ಹಳದಿ ಬಣ್ಣ ಬರುವ ಸ್ಥಿತಿಗೆ ಈ ಗಿಡವನ್ನು ಬೇರುಸಹಿತ ಕಿತ್ತು, ತೊಳೆದು, ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕಲಸಿ ಬರಿಹೊಟ್ಟೆಯಲ್ಲಿ ಕೊಡುವ ರೂಢಿ ಬಹುಕಾಲದಿಂದ ನಡೆದುಬಂದಿದೆ. ಇದೇ ಕುಲಕ್ಕೆ ಸೇರಿದ ಇನ್ನೊಂದು ಗಿಡ ಚೀನಾದ ಸಾಂಪ್ರದಾಯಿಕ ವೈದ್ಯದಲ್ಲಿ ಯಕೃತ್ತಿನ, ಅಂದರೆ ಶಾಲೆಯ ಪಠ್ಯಗಳು ಪಿತ್ತಜನಕಾಂಗ ಎನ್ನುವ ಅಂಗದ, ಬೇನೆಗಳಿಗೆ ಬಳಕೆಯಲ್ಲಿದೆ. ಎರಡು ದೊಡ್ಡ ವೈದ್ಯಪರಂಪರೆಗಳು ಬೇರೆ ಬೇರೆ ತರ್ಕದಿಂದ ಹೊರಟು ಒಂದೇ ಕುಲದ ಗಿಡದ ಬಳಿ ಬಂದು ನಿಂತಿರುವುದು ಗಮನಿಸಬೇಕಾದ ಸಂಗತಿಯೇ ಸರಿ. ಆದರೆ ಆ ಸಾಮ್ಯವನ್ನೇ ಗುಣದ ಪುರಾವೆ ಎಂದು ಒಪ್ಪಿಕೊಳ್ಳಲಾಗದು ಎಂಬುದನ್ನು ಕಳೆದ ನಾಲ್ಕು ದಶಕಗಳ ಪರೀಕ್ಷೆಗಳು ತೋರಿಸಿವೆ, ಮತ್ತು ಆ ಪರೀಕ್ಷೆಗಳಲ್ಲಿ ಕೆಲವು ನಡೆದದ್ದು ನಮ್ಮ ನೆರೆಯ ಮದ್ರಾಸಿನಲ್ಲೇ.

ಗಿಡದ ಗುರುತಿನಿಂದಲೇ ಈ ವಿಷಯವನ್ನು ಆರಂಭಿಸಬೇಕಾಗುತ್ತದೆ, ಏಕೆಂದರೆ ಗೊಂದಲದ ಬಹುಪಾಲು ಅಲ್ಲಿಯೇ ಹುಟ್ಟುತ್ತದೆ. ಸಸ್ಯವಿಜ್ಞಾನಿಗಳು ಫಿಲಾಂಥಸ್ ಎಂದು ಕರೆಯುವ ಕುಲದಲ್ಲಿ ನೂರಾರು ಜಾತಿಗಳಿವೆ. ಉಪ್ಪಿನಕಾಯಿಗೆ ಬಳಸುವ ಬೆಟ್ಟದ ನೆಲ್ಲಿಯೂ ಅದೇ ಕುಲದ ಮರ. ನೆಲನೆಲ್ಲಿಯಾದರೋ ಗೇಣಿನಿಂದ ಮೊಳದುದ್ದದವರೆಗೆ ಬೆಳೆದು, ಒಂದೇ ಮಳೆಗಾಲದಲ್ಲಿ ಹೂತು ಕಾತು ಒಣಗಿಹೋಗುವ ಪುಟ್ಟ ಗಿಡ. ಅದರ ಪಕ್ಕದ ಎಳೆಗೊಂಬೆಗಳ ಮೇಲೆ ಸಣ್ಣ ಎಲೆಗಳು ಎರಡು ಸಾಲಾಗಿ ಜೋಡಣೆಗೊಂಡಿರುವುದರಿಂದ ಇಡೀ ಕೊಂಬೆಯೇ ಹುಣಸೆಯ ಎಲೆಯಂತೆ ಕಾಣುತ್ತದೆ, ಮತ್ತು ಹೂವೂ ಸಾಸಿವೆಗಿಂತ ತುಸು ದೊಡ್ಡದಾದ ಕಾಯಿಯೂ ಆ ಎಲೆಗಳ ಕೆಳಬದಿಯಲ್ಲಿ ಸಾಲಾಗಿ ಇರುತ್ತವೆ. ಈ ವರ್ಣನೆ ಒಂದಲ್ಲ, ಹಲವು ಜಾತಿಗಳಿಗೆ ಹೊಂದುತ್ತದೆ. ಹಸಿರು ಕಾಂಡ, ಸಣ್ಣ ತೊಟ್ಟಿನಲ್ಲಿ ಜೋಲುವ ನುಣುಪಾದ ಕಾಯಿ ಮತ್ತು ಐದು ಪುಷ್ಪದಳಗಳಿರುವುದು ಫಿಲಾಂಥಸ್ ಅಮಾರಸ್. ಅದೇ ರೂಪದಲ್ಲಿ ಆರು ದಳಗಳಿರುವುದು ಫಿಲಾಂಥಸ್ ಫ್ರಾಟರ್ನಸ್. ಕೆಂಪು ಛಾಯೆಯ ಕಾಂಡವಿದ್ದು, ತೊಟ್ಟೇ ಇಲ್ಲವೆನ್ನುವಂತೆ ಕೊಂಬೆಗೆ ಅಂಟಿಕೊಂಡ ಒರಟು ಮೈಯ ಕಾಯಿಗಳಿರುವುದು ಫಿಲಾಂಥಸ್ ಯೂರಿನೇರಿಯಾ, ಅಂದರೆ ಕೆಂಪು ನೆಲನೆಲ್ಲಿ. ಪೂರ್ವದ ಎರೆಭೂಮಿಯ ಕಡೆಗೆ ಸಾಗಿದರೆ ಫಿಲಾಂಥಸ್ ಮದರಾಸ್ಪಟೆನ್ಸಿಸ್ ಎಂಬ, ಎಲೆಯ ತುದಿ ಅಗಲವಾಗಿ ಬುಡ ಕಿರಿದಾಗಿರುವ ಇನ್ನೊಂದು ಜಾತಿ ಸಿಗುತ್ತದೆ. ಔಷಧಕ್ಕೆಂದು ಗಿಡ ಕೀಳುವವರ ಕೈಯಲ್ಲಿ ಇವೆಲ್ಲವೂ ನೆಲನೆಲ್ಲಿಯೇ.

ಪುಸ್ತಕಗಳಲ್ಲೂ ಈ ಗೊಂದಲ ದೀರ್ಘಕಾಲ ಉಳಿದಿತ್ತು. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಸಿದ್ಧಪಡಿಸಿದ, 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಲ್ಲಿ ಹೊರಬಂದ ಹೋರ್ಟಸ್ ಮಲಬಾರಿಕಸ್ ಗ್ರಂಥದಲ್ಲಿ ಈ ಗಿಡದ ಚಿತ್ರ ಕಿರ್ಗಾನೆಲ್ಲಿ ಎಂಬ ಹೆಸರಿನಲ್ಲಿದೆ. ಸಸ್ಯಗಳಿಗೆ ಎರಡು ಪದಗಳ ಹೆಸರಿಡುವ ಪದ್ಧತಿಯನ್ನು ನೆಲೆಗೊಳಿಸಿದ ಲಿನೇಯಸ್ 1753ರಲ್ಲಿ ಫಿಲಾಂಥಸ್ ನಿರೂರಿ ಎಂಬ ಹೆಸರು ಕೊಟ್ಟಾಗ ಅಮೆರಿಕ ಖಂಡದ ಒಂದು ಗಿಡವನ್ನೂ ಮಲಬಾರಿನ ಈ ಚಿತ್ರವನ್ನೂ ಅದರಡಿಯಲ್ಲಿ ಒಟ್ಟಿಗೆ ಸೇರಿಸಿದ. ಅಂದಿನಿಂದ ಭಾರತದ ಸಸ್ಯಗ್ರಂಥಗಳೆಲ್ಲ ಇಲ್ಲಿಯ ನೆಲನೆಲ್ಲಿಯನ್ನು ನಿರೂರಿ ಎಂದೇ ಬರೆದವು. ನಿಜವಾದ ನಿರೂರಿ ಅಮೆರಿಕ ಖಂಡದ ಸಸ್ಯವೆಂದೂ, ಭಾರತದಲ್ಲಿ ಆ ಹೆಸರಿನಡಿ ಅಮಾರಸ್, ಫ್ರಾಟರ್ನಸ್ ಮತ್ತು ಡೆಬಿಲಿಸ್ ಎಂಬ ಮೂರು ಜಾತಿಗಳು ಬೆರೆತುಹೋಗಿವೆಯೆಂದೂ ಮಿತ್ರ ಮತ್ತು ಜೈನ್ ಎಂಬ ಸಸ್ಯಶಾಸ್ತ್ರಜ್ಞರು 1985ರಲ್ಲಿ ಬಿಡಿಸಿ ತೋರಿಸಿದರು. ಇದು ಪಂಡಿತರ ನಾಮಕಲಹವಲ್ಲ. ಒಂದು ಊರಿನಲ್ಲಿ ಗುಣ ಕಂಡಿತೆಂದು ವರದಿಯಾದ ಗಿಡ ಯಾವುದು, ಇನ್ನೊಂದು ಊರಿನಲ್ಲಿ ಗುಣ ಕಾಣಲಿಲ್ಲವೆಂದು ವರದಿಯಾದ ಗಿಡ ಯಾವುದು ಎಂಬುದು ಖಚಿತವಾಗದೆ ಆ ಎರಡು ವರದಿಗಳನ್ನು ಹೋಲಿಸುವುದಕ್ಕೇ ಬರುವುದಿಲ್ಲ.

ಚೀನಾದಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ಕೆಂಪು ನೆಲನೆಲ್ಲಿ. ಅಲ್ಲಿ ಅದಕ್ಕೆ ಯೆ ಶ್ಯಾ ಝು ಎಂದು ಹೆಸರು. ಚೀನೀ ವೈದ್ಯಶಾಸ್ತ್ರದಲ್ಲಿ ಯಕೃತ್ತು ಎಂದರೆ ಬಲಗಡೆಯ ಪಕ್ಕೆಲುಬುಗಳ ಕೆಳಗಿರುವ ಅಂಗವಷ್ಟೇ ಅಲ್ಲ. ರಕ್ತವನ್ನು ಕಾಯ್ದಿಡುವ, ದೇಹದಲ್ಲಿ ಪ್ರಾಣಶಕ್ತಿಯ ಸಂಚಾರವನ್ನು ಸರಾಗವಾಗಿಡುವ, ಕಣ್ಣಿನ ಮೂಲಕ ಹೊರಗೆ ವ್ಯಕ್ತವಾಗುವ ಒಂದು ವ್ಯವಸ್ಥೆ ಎಂದು ಅದನ್ನು ಭಾವಿಸಲಾಗುತ್ತದೆ. ಆ ಶಾಸ್ತ್ರದ ಪ್ರಕಾರ ಕಾಮಾಲೆಯ ಒಂದು ಮುಖ್ಯ ಕಾರಣ ತೇವ ಮತ್ತು ಉಷ್ಣ ಎರಡೂ ಕೂಡಿ ಒಳಗೆ ನಿಂತುಹೋಗುವುದು. ಆದ್ದರಿಂದ ಉಷ್ಣವನ್ನು ಇಳಿಸಿ, ಮೂತ್ರದ ಮೂಲಕ ತೇವವನ್ನು ಹೊರಗೆ ಕಳಿಸುವ ದ್ರವ್ಯಗಳನ್ನು ವೈದ್ಯರು ಆಯ್ದುಕೊಳ್ಳುತ್ತಾರೆ. ಯೆ ಶ್ಯಾ ಝುವಿಗೆ ತಂಪು ಗುಣವನ್ನೂ, ಮೂತ್ರ ಸಡಿಲಿಸುವ ಮತ್ತು ಕಣ್ಣನ್ನು ತಿಳಿಗೊಳಿಸುವ ಶಕ್ತಿಯನ್ನೂ ಹೇಳಿರುವುದು ಈ ತರ್ಕಕ್ಕೆ ಅನುಗುಣವಾಗಿದೆ. ಆದರೂ ಚೀನಾದ ಪ್ರಾಚೀನ ಗ್ರಂಥಗಳಲ್ಲಿ ಕಾಮಾಲೆಯ ಪ್ರಧಾನ ಔಷಧಿ ಇದಲ್ಲ. ಕ್ರಿಸ್ತಶಕ 200ರ ಸುಮಾರಿಗೆ ಝಾಂಗ್ ಝೋಂಗ್‌ಜಿಂಗ್ ರಚಿಸಿದನೆನ್ನುವ ಜ್ವರಚಿಕಿತ್ಸಾ ಗ್ರಂಥದಲ್ಲಿ ಕಾಮಾಲೆಗೆ ಹೇಳಿರುವುದು ಯಿನ್‌ಚೆನ್ ಎಂಬ, ನಮ್ಮ ದವನದ ಕುಲಕ್ಕೆ ಸೇರಿದ ಗಿಡದ ಕಷಾಯ. ಯೆ ಶ್ಯಾ ಝು ದಕ್ಷಿಣ ಚೀನಾದ ಜನಪದ ಮದ್ದಾಗಿ ಉಳಿದಿದ್ದು, ಯಕೃತ್ತಿಗೆ ಉರಿಯೂತ ತರುವ ಹೆಪಟೈಟಿಸ್ ಬಿ ವೈರಸ್ಸಿನ ಸೋಂಕು ಆ ದೇಶದ ದೊಡ್ಡ ಪಿಡುಗೆಂದು ಗೊತ್ತಾದ ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಆಸ್ಪತ್ರೆಗಳ ಮತ್ತು ಪ್ರಯೋಗಾಲಯಗಳ ಗಮನಕ್ಕೆ ಬಂತು.

ಭಾರತದ ಕಥೆಯೂ ಸಾಮಾನ್ಯವಾಗಿ ಭಾವಿಸುವಷ್ಟು ನೇರವಾಗಿಲ್ಲ. ನೆಲನೆಲ್ಲಿಗೆ ಸಂಸ್ಕೃತದಲ್ಲಿ ತಾಮಲಕೀ, ಭೂಮ್ಯಾಮಲಕೀ ಎಂಬ ಹೆಸರುಗಳಿವೆ. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಔಷಧಿಗಳನ್ನು ಹತ್ತು ಹತ್ತರ ಗುಂಪುಗಳಾಗಿ ವಿಂಗಡಿಸಿರುವ ಅಧ್ಯಾಯವನ್ನು ನೋಡಿದರೆ, ತಾಮಲಕೀ ಕಾಣಸಿಗುವುದು ಕೆಮ್ಮನ್ನು ಕಳೆಯುವ ಗುಂಪಿನಲ್ಲಿ ಮತ್ತು ಉಬ್ಬಸವನ್ನು ಕಳೆಯುವ ಗುಂಪಿನಲ್ಲಿ. ಚ್ಯವನಪ್ರಾಶದ ದ್ರವ್ಯಗಳ ಪಟ್ಟಿಯಲ್ಲೂ ಅದಿದೆ. ಹಾಗೆಂದರೆ ಪ್ರಾಚೀನ ಸಂಹಿತೆಯ ಕಣ್ಣಿನಲ್ಲಿ ಅದು ಮೊದಲು ಎದೆಯ ಬೇನೆಗಳ ಮದ್ದಾಗಿತ್ತು. ಇಂದು ಅದಕ್ಕೆ ಅಂಟಿಕೊಂಡಿರುವ ಯಕೃತ್ತಿನ ಕೀರ್ತಿ ಬೆಳೆದದ್ದು ಬಹುಮಟ್ಟಿಗೆ ನಂತರದ ಬಳಕೆಯಿಂದ ಮತ್ತು ಜನಪದ ವೈದ್ಯದಿಂದ.

ಅದೇ ಚರಕಸಂಹಿತೆ ಕಾಮಲೆಯ ಬಗ್ಗೆ ಹೇಳಿರುವ ಮಾತು ಮಾತ್ರ ಇಂದಿಗೂ ಬೆಲೆಯುಳ್ಳದ್ದು. ಪಾಂಡುರೋಗದ, ಅಂದರೆ ಮೈ ಬಿಳಿಚಿಕೊಳ್ಳುವ ರಕ್ತಹೀನತೆಯ, ಚಿಕಿತ್ಸೆಯ ಅಧ್ಯಾಯದಲ್ಲಿ ಕಾಮಲೆಯನ್ನು ಎರಡು ಬಗೆಯಾಗಿ ವಿಂಗಡಿಸಲಾಗಿದೆ. ಒಂದರಲ್ಲಿ ಪಿತ್ತ ಅತಿಯಾಗಿ ಹೆಚ್ಚಿ ಮೈಯೆಲ್ಲ ಹಳದಿಯಾಗುತ್ತದೆ; ಇನ್ನೊಂದರಲ್ಲಿ ಪಿತ್ತದ ದಾರಿ ಕಫದಿಂದ ಮುಚ್ಚಿಹೋಗಿ, ರೋಗಿಯ ಮಲ ಎಳ್ಳಿನ ಹಿಟ್ಟಿನ ಬಣ್ಣಕ್ಕೆ ತಿರುಗುತ್ತದೆ, ಮತ್ತು ಆ ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲ. ಪಿತ್ತನಾಳದಲ್ಲಿ ಕಲ್ಲೋ ಗಡ್ಡೆಯೋ ಅಡ್ಡವಾದಾಗ ಮಲ ಬಿಳಿಚುವುದನ್ನು ಇಂದಿನ ಶಸ್ತ್ರವೈದ್ಯರೂ ಮುಖ್ಯ ಲಕ್ಷಣವೆಂದು ಪರಿಗಣಿಸುತ್ತಾರೆ. ಕಾಮಲೆ ಎಂಬುದು ಒಂದೇ ರೋಗವಲ್ಲ, ಚಿಕಿತ್ಸೆಗೆ ಮುನ್ನ ಅದು ಯಾವ ಬಗೆಯದೆಂದು ತಿಳಿಯಬೇಕು ಎಂಬ ವಿವೇಕ ನಮ್ಮ ಹಳೆಯ ಶಾಸ್ತ್ರದಲ್ಲೇ ಇತ್ತು. ಕಾಮಣಿ ಎಂದೊಡನೆ ಎಲ್ಲರಿಗೂ ಒಂದೇ ಸೊಪ್ಪನ್ನು ಅರೆದು ಕೊಡುವ ಇಂದಿನ ರೂಢಿ ಆ ವಿವೇಕವನ್ನು ಕೈಬಿಟ್ಟಿದೆ ಎಂದು ವಿಷಾದದಿಂದ ಹೇಳಬೇಕಾಗುತ್ತದೆ.

ಹಳದಿ ಬಣ್ಣಕ್ಕೆ ಕಾರಣವಾಗುವ ವಸ್ತು ಬಿಲಿರುಬಿನ್. ಸುಮಾರು 120 ದಿನ ಬಾಳಿ ಸವೆದುಹೋಗುವ ಕೆಂಪು ರಕ್ತಕಣಗಳು ಒಡೆದಾಗ ಅದು ಹುಟ್ಟುತ್ತದೆ. ಯಕೃತ್ತು ಅದನ್ನು ಹೀರಿಕೊಂಡು, ನೀರಿನಲ್ಲಿ ಕರಗುವಂತೆ ಮಾರ್ಪಡಿಸಿ, ಪಿತ್ತರಸದ ಜೊತೆಗೆ ಕರುಳಿಗೆ ಸಾಗಿಸುತ್ತದೆ. ರಕ್ತಕಣಗಳು ವಿಪರೀತವಾಗಿ ಒಡೆದರೂ, ಯಕೃತ್ತಿನ ಜೀವಕೋಶಗಳು ವೈರಸ್ಸಿನಿಂದಲೋ ಮದ್ಯದಿಂದಲೋ ಔಷಧದಿಂದಲೋ ಊದಿಕೊಂಡರೂ, ಪಿತ್ತರಸದ ದಾರಿ ಕಟ್ಟಿಹೋದರೂ ಹೊರಗೆ ಕಾಣುವುದು ಅದೇ ಹಳದಿ. ವೈರಸ್ಸುಗಳಲ್ಲೂ ಎರಡು ಪಂಗಡಗಳಿವೆ. ಹೆಪಟೈಟಿಸ್ ಎ ಮತ್ತು ಇ ಮಲದಿಂದ ಕಲುಷಿತವಾದ ನೀರು ಮತ್ತು ಆಹಾರದ ಮೂಲಕ ಹರಡುತ್ತವೆ. ಬಿ ಮತ್ತು ಸಿ ರಕ್ತ, ಸೂಜಿ, ಲೈಂಗಿಕ ಸಂಪರ್ಕ ಮತ್ತು ತಾಯಿಯಿಂದ ಮಗುವಿಗೆ ಹೆರಿಗೆಯ ಮೂಲಕ ದಾಟುತ್ತವೆ.

ಮೊದಲ ಪಂಗಡದ ಸೋಂಕು ಆರೋಗ್ಯವಂತರಲ್ಲಿ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿದುಹೋಗುತ್ತದೆ. ಹೆಪಟೈಟಿಸ್ ಬಿ ಕೂಡ ವಯಸ್ಕರಿಗೆ ಹೊಸದಾಗಿ ತಗುಲಿದಾಗ ನೂರರಲ್ಲಿ 95ಕ್ಕೂ ಹೆಚ್ಚು ಜನರ ದೇಹ ಅದನ್ನು ತಾನೇ ಹೊರದೂಡುತ್ತದೆ. ಹುಟ್ಟುವಾಗ ಸೋಂಕು ತಗುಲಿದ ಶಿಶುಗಳಲ್ಲಿ ಮಾತ್ರ ಈ ಲೆಕ್ಕ ತಲೆಕೆಳಗಾಗಿ, ನೂರರಲ್ಲಿ ಸುಮಾರು 90 ಮಕ್ಕಳಲ್ಲಿ ವೈರಸ್ ಜೀವನಪರ್ಯಂತ ಉಳಿಯುತ್ತದೆ. ಗಾವಠಿ ಔಷಧದ ಕೀರ್ತಿಯ ಮೂಲ ಇಲ್ಲಿದೆ. ಹತ್ತು ಜನ ಕಾಮಣಿಯವರಿಗೆ ನೆಲನೆಲ್ಲಿಯ ರಸ ಕೊಟ್ಟರೆ ಒಂಬತ್ತು ಮಂದಿ ತಿಂಗಳೊಪ್ಪತ್ತಿನಲ್ಲಿ ಚೇತರಿಸಿಕೊಳ್ಳುವುದು ಸಹಜ. ರಸ ಕೊಡದಿದ್ದರೂ ಹೆಚ್ಚುಕಡಿಮೆ ಅಷ್ಟೇ ಮಂದಿ ಚೇತರಿಸಿಕೊಳ್ಳುತ್ತಿದ್ದರು. ಇದರಲ್ಲಿ ವಂಚನೆಯೇನೂ ಇಲ್ಲ. ಕೊಟ್ಟವರೂ ಕುಡಿದವರೂ ತಾವು ಕಂಡದ್ದನ್ನೇ ನಂಬಿದ್ದಾರೆ. ಹೋಲಿಸಿ ನೋಡದೆ, ಅಂದರೆ ಮದ್ದು ಕೊಟ್ಟವರನ್ನೂ ಕೊಡದವರನ್ನೂ ಒಂದೇ ಅಳತೆಯಿಂದ ಎಣಿಸದೆ, ನಂಬಿಕೆ ನಿಜವೇ ಎಂದು ತಿಳಿಯುವುದು ಸಾಧ್ಯವಿಲ್ಲ.

ಅಂಥ ಎಣಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಆರಂಭಿಸಿದವರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಬಾರೂಕ್ ಬ್ಲೂಂಬರ್ಗ್ ಒಬ್ಬರು ಎಂಬುದು ಈ ಗಿಡದ ಚರಿತ್ರೆಯ ಅತ್ಯಂತ ಸ್ವಾರಸ್ಯದ ಅಧ್ಯಾಯ. ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬರ ರಕ್ತದಲ್ಲಿ ಕಂಡ ವಿಚಿತ್ರ ಪ್ರೋಟೀನೊಂದರ ಜಾಡು ಹಿಡಿದು ಹೆಪಟೈಟಿಸ್ ಬಿ ವೈರಸ್ಸನ್ನು ಗುರುತಿಸಿದ್ದಕ್ಕಾಗಿ 1976ರಲ್ಲಿ ನೊಬೆಲ್ ಪ್ರಶಸ್ತಿ ಪಡೆದವರು ಇವರು. ಅವರು ಹುಟ್ಟಿದ ಜುಲೈ 28ನ್ನು ಇಂದು ವಿಶ್ವ ಹೆಪಟೈಟಿಸ್ ದಿನವಾಗಿ ಆಚರಿಸಲಾಗುತ್ತದೆ. ವೈರಸ್ಸು ಸಿಕ್ಕಿತು, ಲಸಿಕೆ ಬಂತು. ಆದರೆ ಅದಾಗಲೇ ಸೋಂಕು ಬೇರೂರಿದವರಿಗೆ ಆಗ ಪರಿಣಾಮಕಾರಿಯಾದ, ಅಗ್ಗದ ಔಷಧವಿರಲಿಲ್ಲ. ಫಿಲಡೆಲ್ಫಿಯಾದ ಫಾಕ್ಸ್ ಚೇಸ್ ಕ್ಯಾನ್ಸರ್ ಕೇಂದ್ರದಲ್ಲಿದ್ದ ಬ್ಲೂಂಬರ್ಗ್ ಮತ್ತು ಅವರ ಸಹೋದ್ಯೋಗಿಗಳಾದ ವೆಂಕಟೇಶ್ವರನ್ ಹಾಗೂ ಮಿಲ್ಮನ್ ಅವರು ಹಲವು ದೇಶಗಳ ಜನ ಕಾಮಾಲೆಗೆ ಬಳಸುತ್ತಿದ್ದ ನೆಲನೆಲ್ಲಿಯ ಕಡೆ ತಿರುಗಿದರು. ಅದರ ಸಾರ ವೈರಸ್ಸಿನ ವಂಶದ್ರವ್ಯವನ್ನು ನಕಲು ಮಾಡುವ ಕಿಣ್ವವನ್ನು ಪ್ರಯೋಗನಳಿಕೆಯಲ್ಲಿ ತಡೆಯುತ್ತದೆಂದೂ, ಇಂಥದೇ ವೈರಸ್ ತಗುಲುವ ವುಡ್‌ಚಕ್ ಎಂಬ ಉತ್ತರ ಅಮೆರಿಕದ ಬಿಲವಾಸಿ ಪ್ರಾಣಿಗಳಲ್ಲಿ ಸೋಂಕನ್ನು ಇಳಿಸುತ್ತದೆಂದೂ ಅವರು 1987ರಲ್ಲಿ ಪ್ರಕಟಿಸಿದರು.

ಮರುವರ್ಷ ಬಂದ ಸುದ್ದಿ ಇನ್ನೂ ದೊಡ್ಡದು. ಮದ್ರಾಸಿನಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು ಬ್ಲೂಂಬರ್ಗ್ ಅವರ ಸಹಭಾಗಿತ್ವದಲ್ಲಿ ಹೆಪಟೈಟಿಸ್ ಬಿ ವಾಹಕರಿಗೆ, ಅಂದರೆ ವೈರಸ್ಸನ್ನು ದೀರ್ಘಕಾಲ ರಕ್ತದಲ್ಲಿ ಹೊತ್ತವರಿಗೆ, ಫಿಲಾಂಥಸ್ ಅಮಾರಸ್‌ನ ಒಣಪುಡಿಯನ್ನು ದಿನಕ್ಕೆ ಮೂರು ಸಲ 200 ಮಿಲಿಗ್ರಾಮಿನಂತೆ 30 ದಿನ ಕೊಟ್ಟರು. ಔಷಧವಿಲ್ಲದ ತೋರಿಕೆಯ ಗುಳಿಗೆಯನ್ನು ಇನ್ನೊಂದು ಗುಂಪಿಗೆ ಕೊಡಲಾಯಿತು. ಚಿಕಿತ್ಸೆ ಮುಗಿದ 15ರಿಂದ 20 ದಿನಗಳ ನಂತರ ಪರೀಕ್ಷಿಸಿದಾಗ, ಗಿಡದ ಪುಡಿ ತೆಗೆದುಕೊಂಡ 37 ಮಂದಿಯಲ್ಲಿ 22 ಜನರ ರಕ್ತದಿಂದ ವೈರಸ್ಸಿನ ಮೇಲ್ಮೈ ಪ್ರೋಟೀನು ಕಾಣೆಯಾಗಿತ್ತು. ಇನ್ನೊಂದು ಗುಂಪಿನ 23 ಮಂದಿಯಲ್ಲಿ ಹಾಗಾದದ್ದು ಒಬ್ಬರಿಗೆ ಮಾತ್ರ. ಚಿಕಿತ್ಸೆಯಿಲ್ಲದೆ ಹೀಗಾಗುವುದು ವರ್ಷಕ್ಕೆ ನೂರು ವಾಹಕರಲ್ಲಿ ಒಬ್ಬರಿಗೋ ಇಬ್ಬರಿಗೋ ಎಂಬುದನ್ನು ನೆನೆದರೆ, ಹೊಲದ ಕಸವೊಂದರ ಒಂದು ತಿಂಗಳ ಸೇವನೆಯಿಂದ ಶೇಕಡ 59ರಷ್ಟು ಜನ ಮುಕ್ತರಾದರೆಂಬ ಈ ವರದಿ ಪ್ರಸಿದ್ಧ ವೈದ್ಯಪತ್ರಿಕೆ ಲ್ಯಾನ್ಸೆಟ್‌ನಲ್ಲಿ 1988ರಲ್ಲಿ ಅಚ್ಚಾದಾಗ ಉಂಟಾದ ಸಂಚಲನ ಅರ್ಥವಾಗುತ್ತದೆ.

ಆ ಸಂಚಲನ ಬಹುಕಾಲ ಉಳಿಯಲಿಲ್ಲ. ಥಾಯ್ಲೆಂಡಿನ ಸಂಶೋಧಕರು ಅದೇ ಜಾತಿಯ ಗಿಡವನ್ನು ಲಕ್ಷಣಗಳಿಲ್ಲದ ವಾಹಕರಿಗೆ ಕೊಟ್ಟು ನೋಡಿ, ವೈರಸ್ಸು ಹೋಗುವುದಿಲ್ಲವೆಂದು 1990ರಲ್ಲಿ ಅದೇ ಲ್ಯಾನ್ಸೆಟ್‌ನಲ್ಲಿ ಬರೆದರು. ನ್ಯೂಜಿಲೆಂಡಿನಲ್ಲಿ ನಡೆದ ಪರೀಕ್ಷೆಯೂ, ಭಾರತದಲ್ಲೇ ನಡೆದ ಇನ್ನೊಂದು ಪರೀಕ್ಷೆಯೂ ಮದ್ರಾಸಿನ ಫಲಿತಾಂಶವನ್ನು ಕಾಣಲಿಲ್ಲ. ಗಿಡ ಬೆಳೆದ ನೆಲ, ಕಿತ್ತ ಕಾಲ, ಒಣಗಿಸಿದ ಕ್ರಮ, ಪ್ರಮಾಣ, ರೋಗಿಗಳ ಸ್ಥಿತಿ ಇವುಗಳಲ್ಲಿಯ ವ್ಯತ್ಯಾಸಗಳು ಕಾರಣವಿರಬಹುದೆಂಬ ವಾದಗಳು ಬಂದವು. ಆ ವಾದಗಳನ್ನು ಒರೆಗೆ ಹಚ್ಚಲು 1995ರಲ್ಲಿ ಚೀನಾದ ಸಂಶೋಧಕರು ಮಾಡಿದ ಪ್ರಯತ್ನ ಈ ಇಡೀ ಚರಿತ್ರೆಯಲ್ಲಿ ಭಾರತ ಮತ್ತು ಚೀನಾ ನೇರವಾಗಿ ಸಂಧಿಸುವ ಘಟ್ಟ. ಅವರು 123 ರೋಗಿಗಳನ್ನು ಗುಂಪು ಮಾಡಿ, ಕೆಲವರಿಗೆ ಮದ್ರಾಸಿನಿಂದ ತ್ಯಾಗರಾಜನ್ ಒದಗಿಸಿದ ಅಮಾರಸ್ಸನ್ನೂ, ಕೆಲವರಿಗೆ ಹೈನಾನ್ ದ್ವೀಪದಿಂದ ತಂದು ನಿರೂರಿ ಎಂದು ಗುರುತಿಸಿದ ಗಿಡವನ್ನೂ, ಇನ್ನು ಕೆಲವರಿಗೆ ಹೆನಾನ್ ಪ್ರಾಂತದ ಯೂರಿನೇರಿಯಾವನ್ನೂ ಕೊಟ್ಟು, ಉಳಿದವರನ್ನು ಹೋಲಿಕೆಗೆಂದು ಇರಿಸಿಕೊಂಡರು. ಮೇಲ್ಮೈ ಪ್ರೋಟೀನು ಯಾರ ರಕ್ತದಿಂದಲೂ ಮಾಯವಾಗಲಿಲ್ಲ, ಮದ್ರಾಸಿನ ಗಿಡ ತೆಗೆದುಕೊಂಡವರಲ್ಲೂ ಇಲ್ಲ. ಆದರೆ ವೈರಸ್ಸು ವೇಗವಾಗಿ ವೃದ್ಧಿಯಾಗುತ್ತಿರುವುದನ್ನು ಸೂಚಿಸುವ ಇನ್ನೊಂದು ಗುರುತು, ಇ ಪ್ರತಿಜನಕ ಎಂಬುದು, ಯೂರಿನೇರಿಯಾ ತೆಗೆದುಕೊಂಡವರಲ್ಲಿ ಉಳಿದವರಿಗಿಂತ ಹೆಚ್ಚಾಗಿ ಇಳಿಯಿತು.

ಚದುರಿದ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆ 2011ರಲ್ಲಿ ಈ ಕುಲದ ಗಿಡಗಳ ಬಗ್ಗೆ 16 ಪರೀಕ್ಷೆಗಳನ್ನೂ 1,326 ರೋಗಿಗಳ ಮಾಹಿತಿಯನ್ನೂ ಪರಿಶೀಲಿಸಿತು. ತೋರಿಕೆಯ ಗುಳಿಗೆಗೆ ಹೋಲಿಸಿದರೆ ದೀರ್ಘಕಾಲದ ಹೆಪಟೈಟಿಸ್ ಬಿಯಲ್ಲಿ ಇವುಗಳಿಂದ ಪ್ರಯೋಜನವಿದೆಯೆಂಬುದಕ್ಕೆ ಮನವೊಪ್ಪುವ ಪುರಾವೆಯಿಲ್ಲ, ವೈರಸ್‌ನಿರೋಧಕ ಔಷಧದ ಜೊತೆಗೆ ಕೊಟ್ಟಾಗ ಬರಿಯ ಔಷಧಕ್ಕಿಂತ ಮೇಲಾಗಿರಬಹುದು, ಆದರೆ ಹಾಗೆ ಹೇಳುವ ಪರೀಕ್ಷೆಗಳು ದೋಷಮುಕ್ತವಲ್ಲ ಎಂಬುದು ಅದರ ನಿರ್ಣಯ. ಗಿಡದ ಮೇಲಿನ ಪ್ರೀತಿಯಿಂದ ಈ ನಿರ್ಣಯವನ್ನು ಮರೆಮಾಚುವುದೂ, ಪಾಶ್ಚಾತ್ಯ ವೈದ್ಯದ ಮೇಲಿನ ಭಕ್ತಿಯಿಂದ ಗಿಡವನ್ನೇ ತಳ್ಳಿಹಾಕುವುದೂ ಎರಡೂ ಸರಿಯಲ್ಲ. ಗಿಡದೊಳಗೆ ಏನೂ ಇಲ್ಲವೆಂದು ಯಾರೂ ಹೇಳಿಲ್ಲ. ಅದರ ಕಹಿ ಅಂಶವಾದ ಫಿಲಾಂಥಿನ್ ಅನ್ನು ಕೃಷ್ಣಮೂರ್ತಿ ಮತ್ತು ಶೇಷಾದ್ರಿ ಎಂಬ ಭಾರತೀಯ ರಸಾಯನಶಾಸ್ತ್ರಜ್ಞರು 1946ರಲ್ಲೇ ಬೇರ್ಪಡಿಸಿದ್ದರು; ವಿಷವಸ್ತುಗಳಿಂದ ಘಾಸಿಗೊಂಡ ಇಲಿಯ ಯಕೃತ್ತಿನ ಕೋಶಗಳನ್ನು ಅದು ಕಾಯುತ್ತದೆಂದು 1985ರಲ್ಲಿ ತೋರಿಸಲಾಗಿದೆ. ಇಲಿಯ ಕೋಶಗಳಿಂದ ಮನುಷ್ಯನ ರೋಗದವರೆಗಿನ ದಾರಿ ಮಾತ್ರ ಇನ್ನೂ ಪೂರ್ತಿ ನಡೆದಿಲ್ಲ.

ಅಂಗಡಿಯಲ್ಲಿ ಒಣಗಿಸಿ ಮಾರುವ ನೆಲನೆಲ್ಲಿಯಲ್ಲಿ ನಿಜವಾಗಿ ಏನಿರುತ್ತದೆ ಎಂಬ ಪ್ರಶ್ನೆಯನ್ನು ಬೆಂಗಳೂರಿನ ಸಂಶೋಧಕರು ಎತ್ತಿಕೊಂಡು, ದಕ್ಷಿಣ ಭಾರತದ ಗಿಡಮೂಲಿಕೆ ಅಂಗಡಿಗಳಿಂದ ಮಾದರಿಗಳನ್ನು ತಂದು, ರೂಪಲಕ್ಷಣಗಳಿಂದಲೂ ವಂಶದ್ರವ್ಯದ ಪರೀಕ್ಷೆಯಿಂದಲೂ ಜಾತಿಗಳನ್ನು ಗುರುತಿಸಿದರು. 2010ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಶೇಕಡ 76ರಷ್ಟು ಮಾದರಿಗಳು ಬಹುಪಾಲು ಶುದ್ಧವಾದ ಅಮಾರಸ್ ಆಗಿದ್ದವು. ಉಳಿದವುಗಳಲ್ಲಿ ಡೆಬಿಲಿಸ್, ಫ್ರಾಟರ್ನಸ್, ಯೂರಿನೇರಿಯಾ, ಮದರಾಸ್ಪಟೆನ್ಸಿಸ್ ಮತ್ತು ಕೋಳಿಕೋಡಿಯಾನಸ್ ಎಂಬ ಐದು ಜಾತಿಗಳಿದ್ದವು. ಜಾತಿ ಬದಲಾದರೆ ಒಳಗಿನ ರಾಸಾಯನಿಕಗಳ ಪ್ರಮಾಣವೂ ಬದಲಾಗುತ್ತದೆ. ಚೀನೀ ಪರಂಪರೆಯ ಯೂರಿನೇರಿಯಾ ಮತ್ತು ನಮ್ಮ ಅಮಾರಸ್ ಒಂದೇ ಎಂದು ಭಾವಿಸಿ ಒಂದರ ಗುಣವನ್ನು ಇನ್ನೊಂದಕ್ಕೆ ಹೊರಿಸುವ ಪ್ರಚಾರಪತ್ರಗಳನ್ನು ನಂಬಬಾರದೆಂಬುದಕ್ಕೆ ಇದೇ ಕಾರಣ.

ಗಿಡವೆಂದ ಮಾತ್ರಕ್ಕೆ ಯಕೃತ್ತಿಗೆ ಹಿತವೇ ಎಂಬ ನಂಬಿಕೆಯೂ ನಿಲ್ಲುವುದಿಲ್ಲ. ಚೀನೀ ಮೂಲದ, ಛಾಯ್ ಹು ಎಂಬ ಬೇರು ಪ್ರಧಾನವಾಗಿರುವ ಕಷಾಯವೊಂದನ್ನು ಜಪಾನಿನಲ್ಲಿ ಯಕೃತ್ತಿನ ಉರಿಯೂತಕ್ಕೆ ವ್ಯಾಪಕವಾಗಿ ಕೊಡಲಾಗುತ್ತಿತ್ತು. ಅದರಿಂದ ಶ್ವಾಸಕೋಶ ಊದಿಕೊಂಡ 88 ಪ್ರಕರಣಗಳೂ ಅವುಗಳಲ್ಲಿ 10 ಸಾವುಗಳೂ ವರದಿಯಾದಾಗ ಅಲ್ಲಿಯ ಸರ್ಕಾರ 1996ರಲ್ಲಿ ತುರ್ತು ಎಚ್ಚರಿಕೆ ಹೊರಡಿಸಿತು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯನ್ನು ಸೇವಿಸಿ ಯಕೃತ್ತು ಕೆಟ್ಟವರ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದರು. ನೆಲನೆಲ್ಲಿಯ ವಿಷಯದಲ್ಲಿ ಇಂಥ ಗಂಭೀರ ಹಾನಿ ಪರೀಕ್ಷೆಗಳಲ್ಲಿ ಕಂಡುಬಂದಿಲ್ಲ. ಅದರ ಅಪಾಯವಿರುವುದು ಕಾಲಹರಣದಲ್ಲಿ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡವರು, ಹೆಪಟೈಟಿಸ್ ಇ ತಗುಲಿದ ಗರ್ಭಿಣಿಯರು, ಕಾಮಣಿಯ ಜೊತೆಗೆ ಮಂಪರು ಆವರಿಸತೊಡಗಿದವರು ಸೊಪ್ಪಿನ ರಸ ಮತ್ತು ಎಣ್ಣೆಯಿಲ್ಲದ ಪಥ್ಯದಲ್ಲಿ ವಾರಗಳನ್ನು ಕಳೆದರೆ ಮರಳಿ ಬಾರದ ಸ್ಥಿತಿಗೆ ಹೋಗುತ್ತಾರೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿ ಹೆಪಟೈಟಿಸ್ ಇ ಬಂದರೆ ನೂರರಲ್ಲಿ 20ರಿಂದ 25 ತಾಯಂದಿರು ಸಾಯುವ ಸಂಭವವಿದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಉತ್ತರ ಕರ್ನಾಟಕದ ಕೆಲವು ಕಡೆ ಹಸುಗೂಸುಗಳ ಕಾಮಣಿಗೆ ಬರೆ ಹಾಕುವ ಪದ್ಧತಿ ಇನ್ನೂ ಅಳಿದಿಲ್ಲ. ಅದು ಕ್ರೌರ್ಯವಲ್ಲದೆ ಚಿಕಿತ್ಸೆಯಲ್ಲ, ಮತ್ತು ಆ ಶಿಶುಗಳಿಗೆ ಬೇಕಾದದ್ದು ಆಸ್ಪತ್ರೆಯ ತಪಾಸಣೆ ಮತ್ತು ಅಗತ್ಯವಿದ್ದರೆ ಅಲ್ಲಿಯ ನೀಲಿ ಬೆಳಕಿನ ಚಿಕಿತ್ಸೆ.

ಮದ್ದಿನ ಮಾತು ಇಷ್ಟಾದ ಮೇಲೆ ರೋಗದ ಮೂಲದ ಮಾತನ್ನು ಬಿಡುವಂತಿಲ್ಲ. ನೆಲನೆಲ್ಲಿ ಚಿಗುರುವ ಮಳೆಗಾಲವೇ ನೀರಿನಿಂದ ಕಾಮಣಿ ಹರಡುವ ಕಾಲವೂ ಆಗಿದೆ. ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಬರುವುದು ಮುಖ್ಯವಾಗಿ ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾಸಾಗರದಿಂದ ಮತ್ತು ಕಲಘಟಗಿ ತಾಲ್ಲೂಕಿನ ನೀರಸಾಗರದಿಂದ. ಶುದ್ಧೀಕರಿಸಿದ ನೀರೇ ಆದರೂ, ಹಲವು ದಿನಗಳಿಗೊಮ್ಮೆ ಮಾತ್ರ ಬಿಡುವಲ್ಲಿ ಉಳಿದ ಅವಧಿಯಲ್ಲಿ ಕೊಳವೆಗಳೊಳಗೆ ಒತ್ತಡವಿರುವುದಿಲ್ಲ, ಮತ್ತು ಆಗ ಸೋರುವ ಕೀಲುಗಳ ಮೂಲಕ ಸುತ್ತಲಿನ ಚರಂಡಿಯ ಕೊಳೆ ಒಳಕ್ಕೆ ಸೇರುತ್ತದೆ. ವಿಶ್ವಬ್ಯಾಂಕಿನ ನೆರವಿನ ಯೋಜನೆಯಡಿ ಅವಳಿನಗರದ ಕೆಲವು ವಾರ್ಡುಗಳಿಗೆ ಮೊದಲು ನಿರಂತರ ನೀರು ಕೊಟ್ಟಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಆ ವಾರ್ಡುಗಳನ್ನೂ ಹಲವು ದಿನಗಳಿಗೊಮ್ಮೆ ನೀರು ಬರುವ ವಾರ್ಡುಗಳನ್ನೂ ಹೋಲಿಸಿ ನೋಡಿದರು. ನಿರಂತರ ಪೂರೈಕೆಯ ನಲ್ಲಿಗಳಿಗಿಂತ ಬಿಟ್ಟುಬಿಟ್ಟು ಬರುವ ನಲ್ಲಿಗಳ ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾಗಳು ಹೆಚ್ಚು ಸಲ, ಹೆಚ್ಚು ಪ್ರಮಾಣದಲ್ಲಿ ಕಂಡವು. 2010ರಿಂದ 2012ರ ನಡುವೆ ಸುಮಾರು 4 ಸಾವಿರ ಮನೆಗಳಲ್ಲಿ ನಡೆಸಿ 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನಿರಂತರ ನೀರಿನ ವಾರ್ಡುಗಳಲ್ಲಿ ಟೈಫಾಯ್ಡ್ ಕಡಿಮೆಯಿತ್ತು, ಬಡ ಮನೆಗಳ ಮಕ್ಕಳಲ್ಲಿ ರಕ್ತಭೇದಿ ಕಡಿಮೆಯಿತ್ತು. ಸಾಮಾನ್ಯ ಭೇದಿಯಲ್ಲಿ ಮಾತ್ರ ಗಮನಾರ್ಹ ಇಳಿಕೆ ಕಾಣಲಿಲ್ಲ. ಆ ಅಧ್ಯಯನ ಅಳೆದದ್ದು ಕಾಮಣಿಯನ್ನಲ್ಲ. ಆದರೆ ಟೈಫಾಯ್ಡ್ ಬರುವ ದಾರಿಯೂ ಹೆಪಟೈಟಿಸ್ ಎ ಮತ್ತು ಇ ಬರುವ ದಾರಿಯೂ ಒಂದೇ.

ಆದ್ದರಿಂದ ಗಾವಠಿ ಔಷಧ ಕೊಡುವವರಿಗೂ ಅದನ್ನು ನಂಬಿ ಹೋಗುವವರಿಗೂ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟು: ಕಣ್ಣು ಹಳದಿಯಾದವರು ಯಾವ ಮದ್ದನ್ನಾದರೂ ತೆಗೆದುಕೊಳ್ಳುವ ಮೊದಲು ರಕ್ತಪರೀಕ್ಷೆ ಮಾಡಿಸಿ, ಅದು ನೀರಿನ ಕಾಮಣಿಯೋ, ರಕ್ತದ ಮೂಲಕ ಬಂದದ್ದೋ, ನಾಳ ಕಟ್ಟಿಕೊಂಡದ್ದೋ ಎಂದು ತಿಳಿದುಕೊಳ್ಳಬೇಕು, ಮತ್ತು ಮಲ ಬಿಳಿಚಿದವರನ್ನು, ಗರ್ಭಿಣಿಯರನ್ನು, ಹಸುಗೂಸುಗಳನ್ನು ಗಾವಠಿ ವೈದ್ಯರೇ ಮುಂದಾಗಿ ಆಸ್ಪತ್ರೆಗೆ ಕಳಿಸಬೇಕು. 2018ರ ಜುಲೈ 28ರಂದು ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ ಮತ್ತು ಸಿ ಸೋಂಕುಗಳ ಪರೀಕ್ಷೆಯೂ ಚಿಕಿತ್ಸೆಯೂ ಗುರುತಿಸಿದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನು ಮಗು ಹುಟ್ಟಿದ 24 ತಾಸಿನೊಳಗೆ ಹಾಕಬೇಕು. ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೂ ಹಣ ಕೊಡಬೇಕಾಗಿಲ್ಲ, ಹೆರಿಗೆಯಾದವರ ಮನೆಯವರು ಅದನ್ನು ಕೇಳಿ ಮಗುವಿಗೆ ಹಾಕಿಸಬೇಕು.